ಭಾಗ್ಯಳ ಹೊಸ ಗೆಳತಿಯರು

ಗೆಳತಿಯರೇ, ನಿಮ್ಮ ಈ ಹೂಗಿಡದ ಗುಂಪಿಗೆ ನಾನು ಇವತ್ತು ಸೇರಿದ್ದು ಬರೀ ಹೊಟ್ಟೆಕಿಚ್ಚಿಗೆ.

ಊರೆಲ್ಲಾ ಸೇರಿರುವ ಒಂದು ದೊಡ್ಡ ಸಾಮಾಜಿಕ ಜಾಲತಾಣದಲ್ಲಿ ನಾವೂ ಇದ್ದೆವು; ಅಲ್ಲಿನ ಜಗಳಗಳಿಗೆ ಬೇಸತ್ತು ನಾನೂ ನನ್ನ ಗೆಳತಿ ಭಾಗ್ಯಳೂ ಒಟ್ಟಿಗೇ ಅದನ್ನು ಬಿಟ್ಟಿದ್ದೆವು. "ಇನ್ಮೇಲೆ ನಾವಿಬ್ರೇ ಮಾತಾಡ್ಕೊಂಡಿರವ ಕಣೆ" ಅಂದವಳು ಅವಳೇ.

ಇವತ್ತು ಬೆಳಿಗ್ಗೆ ನಾವಿಬ್ಬರೂ ಇಲ್ಲೇ ಹತ್ತಿರದ ಕೊಪ್ಪದ ಮಾರ್ಕೆಟ್ಟಿಗೆ ಹೋಗಿದ್ದಾಗ ಒಬ್ಬರು ಓಡಿಬಂದು ಭಾಗ್ಯಳ ಕೈ ಹಿಡಿದರು. "ದಾಸವಾಳದ ಭಾಗ್ಯಕ್ಕ ಅಲ್ವಾ? ನೀವು ಕಳ್ಸಿದ ಕಡ್ಡಿ ಚಿಗುರ್ಬುಟ್ಟದೆ ಕಣಕ್ಕ! ನಮ್ ಗುಂಪಲ್ಲೆಲ್ಲಾ ನಿಮ್ದೇ ಮಾತು!"

ಸೊಪ್ಪಿನ ಚೀಲ ಹಿಡಿದು ನಿಂತಿದ್ದ ನನ್ನನ್ನು ಅವರು ನೋಡಲೂ ಇಲ್ಲ.

"ಯಾವ ಗುಂಪೇ ಅದು? ನಂಗ್ಯಾಕೆ ಏಳ್ನಿಲ್ಲ?" ಎಂದು ಆಮೇಲೆ ಕೇಳಿದೆ.

"ನಿಂಗೆ ಗಿಡ ಅಂದ್ರೆ ಆಗಾಕಿಲ್ವಲ್ಲೇ, ಬುಡು" ಎಂದು ನಕ್ಕಳು.

ವಾಪಸ್ ಬರುವ ಬಸ್ಸು ಪಿರಿಯಾಪಟ್ಟಣ ಮುಟ್ಟುವಷ್ಟರಲ್ಲಿ ಫೋನಿನಲ್ಲೇ ನಿಮ್ಮ ಗುಂಪನ್ನು ಹುಡುಕಿ ಸೇರಿಬಿಟ್ಟೆ. ನಮ್ಮ ಮನೆಯಲ್ಲಿ ಒಂದು ಹೂಗಿಡವೂ ಇಲ್ಲ. ಯಾರಾದರೂ ಒಂದು ಕಡ್ಡಿ ಕೊಡಿ. ಭಾಗ್ಯ ಕೊಟ್ಟದ್ದು ಮಾತ್ರ ಬೇಡ.