ಮೂವತ್ತು ರೊಟ್ಟಿಗೊಂದು ಕಂತು

ಶಿವಕಾಂತಮ್ಮ ಈಗ ಕಥೆಯ ಎಂಟನೇ ಕಂತು ಕೇಳುತ್ತಿರಬೇಕು. ಗೋಡೆ ಗಡಿಯಾರದಲ್ಲಿ ಒಂಬತ್ತು ನಲವತ್ತು. ಅವಳು ಒಲೆ ಹೊತ್ತಿಸುವುದು ಒಂಬತ್ತಕ್ಕೆ. ಹತ್ತಕ್ಕೆ ಸರಿಯಾಗಿ ಒಂಬತ್ತನೇ ಕಂತು ತಾನಾಗಿಯೇ ಶುರುವಾಗುತ್ತದೆ. ಶಿವರಂಜನಿ ಬೆಳಗಿನಿಂದ ಇದೇ ಲೆಕ್ಕ ಹಾಕುತ್ತ, ಮಲಗಿದ್ದ ಕೂಸಿನ ಹಣೆಯನ್ನು ಕಾರಣವಿಲ್ಲದೆ ಮುಟ್ಟಿ ನೋಡುತ್ತ, ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನ ಎರಡು ಕೋಣೆಗಳ ನಡುವೆ ಓಡಾಡುತ್ತಿದ್ದಳು.

ಶಿವಕಾಂತಮ್ಮನದು ಹಿಂದಿನ ಓಣಿ. ತಗಡಿನ ಮಾಡಿನ ಕೆಳಗೆ ಕೂತು ದಿನಕ್ಕೆ ತೊಂಬತ್ತು ಜೋಳದ ರೊಟ್ಟಿ ಬಡಿಯುತ್ತಾಳೆ. ಶಿಫ್ಟಿಗೆ ಹೋಗುವವರ ಡಬ್ಬಿಗಳೆಲ್ಲ ಅವಳ ರೊಟ್ಟಿಯಿಂದಲೇ ತುಂಬುತ್ತವೆ. ಬಡಿಯುವುದು ಶಹಾಬಾದಿನ ಫರ್ಸಿ ಹಾಸುಗಲ್ಲಿನ ಮೇಲೆ. ಹನ್ನೊಂದು ವರ್ಷದ ಏಟಿಗೆ ಆ ಕಲ್ಲು ನಡುವೆ ನುಣುಪಾಗಿ ಸವೆದಿದೆ. ಕೈ ಸದಾ ಹಿಟ್ಟಿನಲ್ಲಿರುತ್ತದೆ, ಬಾಯಿ ಮಾತ್ರ ಬಿಡುವಾಗಿರುತ್ತದೆ. ಗಂಡನೂರು ಹೊಸದಾಗಿದ್ದ, ಕಲಬುರಗಿಯಲ್ಲಿ ಓದಿ ಬೆಳೆದ ಶಿವರಂಜನಿಗೆ ಆ ಬಾಯಿಯೇ ಇಲ್ಲಿ ಮೊದಲು ಸಿಕ್ಕ ಗೆಳೆತನ.

ಕಳೆದ ಭಾನುವಾರ ಕೂಸನ್ನು ಬಗಲಲ್ಲಿಟ್ಟುಕೊಂಡು ರೊಟ್ಟಿ ತರಲು ಹೋದಾಗ ಶಿವಕಾಂತಮ್ಮ ಕೇಳಿದ್ದಳು.

"ಕಿವ್ಯಾಗ ಏನದ ಅದು, ದಿನಾ ಹಾಕ್ಕೊಂಡೇ ಬರ್ತಿ?"

"ದೆವ್ವದ ಕತಿ ಕಾಕು. ಪಾಡ್‌ಕಾಸ್ಟ್ ಅಂತಾರ. ಹದಿನಾಲ್ಕು ಕಂತ ಅವ. ಭಾಳ ಛಲೋ ಅದ."

"ಹಸಗೂಸಿನ ತಾಯಿ ದೆವ್ವದ ಕತಿ ಕೇಳ್ತಾಳಂತ. ಅಂಜಿಕಿ ಬರಂಗಿಲ್ಲೇನು?"

"ಅದನ್ನ ಕೇಳೂ ಮುಂದ ಬ್ಯಾರೆ ಅಂಜಿಕಿ ಬರಂಗಿಲ್ಲರಿ."

ಶಿವಕಾಂತಮ್ಮ ಒಂದು ಗಳಿಗೆ ಅವಳ ಮುಖ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ತನ್ನ ಫೋನನ್ನು ಮುಂದೆ ಹಿಡಿದಳು.

"ಹಂಗಾರ ನಂದ್ರಾಗೂ ಹಾಕು."

ಸೋಮವಾರ ಮೂರು ಕಂತು ಮುಗಿದವು. ಸಂಜೆ ಶಿವಕಾಂತಮ್ಮ ನಗುತ್ತ ಹೇಳಿದಳು: "ಈ ದೆವ್ವಕ್ಕ ಮಾಡೂ ಕೆಲಸ ಇಲ್ಲ ಯವ್ವಾ. ಮೂರು ಕಂತ ಆತು, ಬರೇ ಬಾಗಲಾ ಬಡೀಲಿಕತ್ತದ. ಒಳಗ ಕರ್ದು ಹತ್ತು ರೊಟ್ಟಿ ಬಡಿ ಅಂದ್ರ ಓಡಿ ಹೋಗ್ತದ. ಆದ್ರ ಒಂದು ಕಂತಿಗೆ ಮೂವತ್ತು ರೊಟ್ಟಿ ಬರೋಬ್ಬರಿ ಆಗ್ತಾವ ನೋಡು. ನನಗ ಗಡಿಯಾರ ಬ್ಯಾಡ ಇನ್ನ."

ಮಂಗಳವಾರ ಮತ್ತೆ ಮೂರು. ಇವತ್ತು ಬುಧವಾರ.

ಬೆಳಿಗ್ಗೆ ಗಂಡ ಅಶೋಕಕುಮಾರ ಬೂಟು ಹಾಕಿಕೊಳ್ಳುವಾಗ ಶಿವರಂಜನಿ ಇದನ್ನೆಲ್ಲ ಖುಷಿಯಿಂದ ಹೇಳಿದ್ದಳು. ಇವತ್ತಿನ ಒಂಬತ್ತನೇ ಕಂತೇ ಭಾರಿ, ಅದರಲ್ಲಿ ನೀರು ತುಂಬಿದ ಕಲ್ಲಿನ ಖಣಿಯೊಳಗಿಂದ ಸತ್ತ ಗಂಡ ಹೆಂಡತಿಯನ್ನು ಕರೆಯುತ್ತಾನೆ ಎಂದೂ ಹೇಳಿದಳು. ಅಶೋಕಕುಮಾರನ ಕೈ ಲೇಸಿನ ಮೇಲೆ ನಿಂತಿತು.

"ಖಣಿ ಕತಿ ಅವರಿಗೆ ಯಾಕ ಹಾಕಿ ಕೊಟ್ಟಿ? ಅವರ ಮನಿಯವ್ರು ಚಂದ್ರಾಮ ಕಾಕಾ ಶಹಾಬಾದ್ ಕಡಿ ಫರ್ಸಿ ಖಣ್ಯಾಗೇ ಹೋದ್ರು. ಮಳಿ ನೀರು ತುಂಬಿತ್ತು. ಮೂರು ದಿನಕ್ಕ ಸಿಕ್ರು. ನಿನಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಶಿವಕಾಂತಮ್ಮನೂ ಹೇಳಿರಲಿಲ್ಲ.

ಓಣಿಗೆ ಹೋಗಿ ಹೇಳಬಹುದಿತ್ತು. ಆದರೆ ರಾತ್ರಿಯೆಲ್ಲ ಕೆಮ್ಮಿ ಈಗಷ್ಟೇ ನಿದ್ದೆ ಹೋದ ಕೂಸನ್ನು ಧೂಳಿಗೆ ಒಯ್ಯಲು ಮನಸ್ಸಾಗಲಿಲ್ಲ. ಮೆಸೇಜು ಕಳಿಸಿದರೆ ಓದುವವರಿಲ್ಲ. ಫೋನು ಮಾಡಿದರೆ ಏನೆಂದು ಶುರು ಮಾಡುವುದು? ಶಿವಕಾಂತಮ್ಮ ತಾನಾಗಿ ಹೇಳದ ಸಂಗತಿಯನ್ನು ಬೇರೆಯವರಿಂದ ಕೇಳಿ ಅವಳ ಮುಂದೆಯೇ ಆಡುವುದೇ? ಸುಮ್ಮನಿದ್ದರೆ ಕಥೆ ತಾನಾಗಿ ಮುಂದಕ್ಕೆ ಹೋಗುತ್ತದೆ. ನಿಲ್ಲಿಸಬೇಕೆನಿಸಿದರೂ ಶಿವಕಾಂತಮ್ಮನ ಎರಡು ಕೈಯೂ ಹಿಟ್ಟಿನಲ್ಲಿರುತ್ತವೆ.

ಹತ್ತಾಯಿತು. ಹತ್ತಾಗಿ ಒಂದು ನಿಮಿಷವಾಯಿತು. ಆಗ ಶಿವರಂಜನಿಗೆ ತನ್ನ ಫೋನಿನ ರೂಢಿ ನೆನಪಾಯಿತು. ಅಶೋಕಕುಮಾರನ ಕರೆ ಬಂದಾಗಲೆಲ್ಲ ದೆವ್ವ ಅರ್ಧ ಮಾತಿನಲ್ಲಿ ಬಾಯಿ ಮುಚ್ಚುತ್ತಿತ್ತು. ಹೇಳುವ ಮಾತು ಸಿಗದಿದ್ದರೂ ಸರಿ, ಗಂಟೆ ಹೊಡೆದರೆ ಸಾಕು.

ಅವಳು ಫೋನು ಮಾಡಿದಳು. ಗಂಟೆ ಇನ್ನೇನು ಕಡಿದುಹೋಗಬೇಕು ಅನ್ನುವಾಗ ಆಚೆಯಿಂದ ಏದುಸಿರು ಕೇಳಿತು.

"ತಡಿ ಯವ್ವಾ, ಕೈ ತೊಳಕೊಂಡು ಎತ್ತಬೇಕಾತು. ಒಂಬತ್ತನೇದು ಈಗ ಶುರು ಆಗಿತ್ತು. ನೀರಿನ ಸಪ್ಪಳ ಬರಲಿಕತ್ತಿತ್ತು."

"ಅದನ್ನ ಕೇಳಬ್ಯಾಡ್ರಿ ಕಾಕು." ಶಿವರಂಜನಿ ಒಂದೇ ಉಸಿರಿಗೆ ಹೇಳಿದಳು. "ಅದರಾಗ ಖಣಿ ಬರ್ತದ. ಇವರು ಇವತ್ತ ಮುಂಜಾನಿ ಹೇಳಿದ್ರು. ನನಗ ಗೊತ್ತಿರಲಿಲ್ಲರಿ."

ಆಚೆ ಒಲೆಯ ಚಿಟಚಿಟದ ನಡುವೆ ಶಿವಕಾಂತಮ್ಮನ ದನಿ ಬಂತು.

"ಏನಾಗ್ತದ ಅದರಾಗ? ನೀನೇ ಹೇಳು. ಆ ದನಿ ಬ್ಯಾಡ, ನಿನ್ನ ಬಾಯಿಲೇ ಹೇಳು."

"ಒಬ್ಬಾಕಿ ಖಣಿ ದಂಡಿಗಿ ಕುಂತಿರ್ತಾಳರಿ. ಆಕಿ ಗಂಡ ನೀರಾಗಿಂದ ಕರೀತಾನ. ಹೆಸರ ಹಿಡದು."

"ಹೆಸರ ಹಿಡದು?"

"ಹ್ಞೂಂರಿ."

ಶಿವಕಾಂತಮ್ಮ ಹೇಳಿದಳು: "ನಮ್ಮವ್ರು ಒಂದಿನಾನೂ ನನ್ನ ಹೆಸರ ಹಿಡದವ್ರಲ್ಲ. 'ಏ, ಕೇಳ್ತೇನು' ಅಂತಿದ್ರು. ಅಷ್ಟೇ." ಮತ್ತೆ ಕೇಳಿದಳು: "ಮ್ಯಾಗ ಬರ್ತಾನೇನು ಅಂವ?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಅದಕ್ಕೆ ಶಿವರಂಜನಿಯ ನಾಲಿಗೆ ಹೊರಳಲಿಲ್ಲ.

"ಇಲ್ಲರಿ. ಬರಂಗಿಲ್ಲ."

"ಹಂಗಾರ ಖರೇನೇ ಬರದಾರ."

ಫೋನನ್ನು ಎಲ್ಲೋ ಕೆಳಗಿಟ್ಟ ಸದ್ದಾಯಿತು. ದೂರದಿಂದ ದನಿ ಬಂತು: "ನಿನ್ನ ಮಾತಿನ್ಯಾಗ ಹಂಚಿನ ಮ್ಯಾಲಿನ ರೊಟ್ಟಿ ಸುಟ್ಟು ಹೋತು. ಇನ್ನ ಇಪ್ಪತ್ತೊಂಬತ್ತು ಅವ. ಇಡಬ್ಯಾಡ ಫೋನು, ಮುಂದ ಹೇಳು."

ಕಲ್ಲಿನ ಮೇಲೆ ಪಟಪಟ ಬಡಿತ ಶುರುವಾಯಿತು. ಶಿವರಂಜನಿ ಆ ಬೆಳಿಗ್ಗೆ ಮೊದಲ ಸಲ ಕೂತಳು, ಕೂಸಿನ ಪಕ್ಕದಲ್ಲಿ, ಫೋನನ್ನು ಕಿವಿಗೆ ಒತ್ತಿಕೊಂಡು.