ಗಿರಣಿಯ ಸರದಿ

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನನಗೆ ಎರಡು ಸಂಗತಿಗಳು ಒಟ್ಟೊಟ್ಟಿಗೆ ಸಿಕ್ಕವು. ಒಂದು, ರಾಯಾಪುರದ ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನೌಕರಿ. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎಂದು ಕಮರಿಪೇಟೆಯ ನಮ್ಮ ಓಣಿಯವರೆಲ್ಲ ಅಂದರು. ಇನ್ನೊಂದು, ಸೀಲಿಯಾಕ್ ಎಂಬ ರೋಗ. ಗೋಧಿ ಹೊಟ್ಟೆಗೆ ಬಿದ್ದರೆ ಕರುಳು ತನ್ನನ್ನು ತಾನೇ ಸುಟ್ಟುಕೊಳ್ಳುವ ರೋಗ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದರೂ ಹುಬ್ಬಳ್ಳಿಯಲ್ಲಿ ಆ ಹೆಸರು ಕೇಳಿದವರು ಕಡಿಮೆ. ಅಲ್ಲಿಯವರೆಗೆ ನನ್ನ ಭೇದಿಗೆ, ಉಬ್ಬಿದ ಹೊಟ್ಟೆಗೆ, ಬಿಳಿಚಿದ ಮುಖಕ್ಕೆ ಜಂತು, ದೃಷ್ಟಿ, ಪರೀಕ್ಷೆಯ ಅಂಜಿಕೆ ಎಂದು ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದರು.

ಕೊನೆಗೆ ಒಬ್ಬ ಡಾಕ್ಟರು ನಳಿಗೆ ಇಳಿಸಿ ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿ, ರೋಗ ಹಿಡಿದರು. "ಗೋಧಿ, ಮೈದಾ, ರವಾ ಬಾಯಾಗ ಹಾಕಬ್ಯಾಡ್ರಿ. ಜ್ವಾಳದ ರೊಟ್ಟಿ ಉಣ್ರಿ, ಅನ್ನ ಉಣ್ರಿ. ಈ ಊರಾಗ ಹುಟ್ಟಿದ್ದು ನಿಮ್ಮ ಪುಣ್ಯ" ಅಂದರು. ನನಗೂ ಹಾಗೇ ಅನ್ನಿಸಿತು. ದಿನದ ಎರಡೂ ಹೊತ್ತು ರೊಟ್ಟಿ ಬಡಿಯುವ ಊರಿನಲ್ಲಿ ಇದೇನು ಮಹಾ ಪಥ್ಯ?

ಆದರೆ ನಮ್ಮ ಕಡೆ ಹೊಟ್ಟೆ ತುಂಬಿಸುವುದು ಜೋಳವಾದರೆ ಪ್ರೀತಿ ತೋರಿಸುವುದು ಗೋಧಿ. ಹೋಳಿಗೆ, ಹುಗ್ಗಿ, ಮಾದಲಿ, ಶಾವಿಗೆ ಇವುಗಳಲ್ಲಿ ಒಂದಿಲ್ಲದೆ ಹಬ್ಬವಿಲ್ಲ, ಬೀಗರಿಲ್ಲ. ಎಲೆಗೆ ಬಂದದ್ದಕ್ಕೆ ಕೈ ಅಡ್ಡ ಹಿಡಿದರೆ ಬಡಿಸುವವರ ಮುಖ ಸಣ್ಣದಾಗುತ್ತದೆ. ನಾನು ಹಿಡಿದೆ. ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, "ಒಂದು ಹೋಳಿಗಿ ತಿಂದ್ರ ಏನಾಕ್ಕೈತಿ?" ಎಂದು ತುಂಬಿದ ಪಂಕ್ತಿಯಲ್ಲಿ ಕೇಳಿದರು. "ಏನಾಕ್ಕೈತಿ ಅಂತ ನಾಳೆ ಮುಂಜಾನಿ ನಮ್ಮನಿಗೆ ಬಂದು ನೋಡ್ರಿ ಅತ್ತಿ" ಅಂದೆ. ಪಕ್ಕದಲ್ಲಿ ಕೂತವರು ನೀರು ನೆತ್ತಿಗೇರಿಸಿಕೊಂಡರು. ಅಂದಿನಿಂದ ಬಾಯಿಬಡುಕಿ ಎಂಬ ಬಿರುದು ಬಂತು. ಬರಲಿ, ಅದರಿಂದ ಭೇದಿಯಾಗುವುದಿಲ್ಲವಲ್ಲ.

ಅಂಗಡಿಯ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸುತ್ತಾರೆಂದು ತಿಳಿದ ದಿನವೇ ಡಬ್ಬಿ ಸಮೇತ ಇಂಗನ್ನು ಹೊರಗೆ ಹಾಕಿದೆ. ಬೇಕರಿಯ ಮುಂದೆ ಹಾಯುವಾಗ ಉಸಿರು ಬಿಗಿಹಿಡಿದೆ. ಇಷ್ಟಾದರೂ ಮೈ ಹಿಡಿಯಲಿಲ್ಲ. ತಿಂಗಳುಗಳು ಕಳೆದವು, ಕುಪ್ಪಸಗಳಿಗೆ ಹೊಲಿಗೆ ಹಾಕುತ್ತಲೇ ಹೋದೆ. ಶಾಲೆಗೆ ಹೋಗುವ ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡರೆ ನಡುದಾರಿಯಲ್ಲಿ ಇಳಿಯಬೇಕಾಗುತ್ತಿತ್ತು.

"ಖರೇ ಹೇಳ್ರಿ, ಕದ್ದು ಏನರ ತಿಂತೀರೇನು?" ಎಂದು ಡಾಕ್ಟರು ಕೇಳಿದಾಗ ನನಗೆ ಕೆಂಡದಂಥ ಸಿಟ್ಟು ಬಂತು. ಇಲ್ಲ ಎಂದು ಮೇಜು ಕುಟ್ಟಿ ಹೇಳಿದೆ. ಅವರು, "ಹಂಗಾದ್ರ ಇದು ಪಥ್ಯಕ್ಕ ಬಗ್ಗದ ಜಾತಿ ಇರಬೇಕು. ಬಿರುಸು ಗುಳಿಗಿ ಶುರು ಮಾಡಬೇಕು, ದೊಡ್ಡ ದವಾಖಾನ್ಯಾಗ ತೋರಸಬೇಕು. ಸದ್ಯಕ್ಕ ನೌಕರಿ ಬಿಡ್ರಿ" ಅಂದರು. ನನ್ನದು ಕಾಯಂ ಆಗದ ನೌಕರಿ. ಬಿಟ್ಟರೆ ನಾಳೆಯೇ ಇನ್ನೊಬ್ಬರು ಬಂದು ಆ ಕುರ್ಚಿಯಲ್ಲಿ ಕೂರುತ್ತಾರೆ. ಒಮ್ಮೆ ರೋಗಿ ಎಂದು ಮನೆಯಲ್ಲಿ ಮಲಗಿದರೆ ಮತ್ತೆ ಎದ್ದು ಹೊರಗೆ ಹೋಗಲು ಯಾರೂ ಬಿಡುವುದಿಲ್ಲ ಎಂಬುದೂ ಗೊತ್ತಿತ್ತು. ಕರುಳಿಗಿಂತ ಅದರ ಭಯವೇ ನನಗೆ ಹೆಚ್ಚಾಗಿತ್ತು. ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ತಡೆಯಿರಿ ಎಂದು ಬೇಡಿಕೊಂಡೆ. ಒಲ್ಲದ ಮನಸ್ಸಿನಿಂದ ಒಪ್ಪಿದರು.

ಆ ದಿನಗಳಲ್ಲಿ ನನ್ನ ಊಟವೆಲ್ಲ ಅವ್ವನ ಕೈಯದು. ಅವ್ವನ ರೊಟ್ಟಿ ಓಣಿಯಲ್ಲೇ ಹೆಸರುವಾಸಿ. ತೆಳ್ಳಗೆ, ದುಂಡಗೆ, ಸಂಜೆಯವರೆಗೂ ಅರಿವೆಯ ಹಾಗೆ ಮಡಚಬಹುದಾದ ರೊಟ್ಟಿ. ಅಕಸ್ಮಾತ್ ಒಂದರ ಅಂಚು ಒಡೆದರೆ ಅದನ್ನು ಬುಟ್ಟಿಯ ತಳಕ್ಕೆ ತಳ್ಳಿ ಕೊನೆಗೆ ತಾನು ಉಣ್ಣುವವಳು. ಗಿರಣಿಗೆ ತಾನೇ ಹೋಗುತ್ತಿದ್ದಳು, ಆ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಒಂದು ರವಿವಾರ ಮೆಟ್ಟಿಲಿಳಿಯುವಾಗ ಅವಳ ಕಾಲು ಉಳುಕಿತು. ಜೋಳದ ಡಬ್ಬಿ ಹೊತ್ತುಕೊಂಡು ಗಿರಣಿಗೆ ನಾನು ಹೋದೆ. ಮನೆಯಲ್ಲಿ ತಿದ್ದಬೇಕಾದ ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ ಬಿದ್ದಿತ್ತು. ನನ್ನ ಸರದಿ ಬಂದಾಗ ಗಿರಣಿಯವ ನಮ್ಮ ಡಬ್ಬಿಯನ್ನು ಗುರುತಿಸಿ ಪಕ್ಕಕ್ಕೆ ಸರಿಸಿಬಿಟ್ಟ.

"ಯಾಕ್ರಿ? ಪಾಳಿ ನಂದೈತಲ್ಲ" ಎಂದು ಜಗಳಕ್ಕೇ ನಿಂತೆ.

"ತಡೀರಿ ಅಕ್ಕೋರ. ಈಗ ಮುಗದದ್ದು ಜ್ವಾಳ. ಯಾರದರ ಗೋಧಿ ಬರ್ಲಿ, ಅದರ ಹಿಂದ ನಿಮ್ದು ಹಾಕ್ತೇನಿ. ನಿಮ್ಮ ಅವ್ವಾರು ಯಾವಾಗ್ಲೂ ಹಂಗ ಹಾಕಸ್ತಾರ. ಎಷ್ಟೊತ್ತಾದ್ರೂ ಕಾಯ್ತಾರ."

"ಯಾಕ ಕಾಯ್ತಾರ?"

ಸಾಲಿನಲ್ಲಿದ್ದ ಹೆಂಗಸೊಬ್ಬರು ನಕ್ಕರು. "ಅಷ್ಟೂ ಗೊತ್ತಿಲ್ಲೇನವ್ವಾ? ಕಲ್ಲಿನಾಗ ಉಳಿದ ಗೋಧಿ ಹಿಟ್ಟು ಬೆರೀತೈತಿ, ಜ್ವಾಳಕ್ಕ ಜಿಗಿ ಬರ್ತೈತಿ. ರೊಟ್ಟಿ ಒಡಿಯಂಗಿಲ್ಲ, ಮೆತ್ತಗ ಇರ್ತಾವ."

ಅಷ್ಟರಲ್ಲಿ ಯಾರದೋ ಗೋಧಿ ಬಂತು. ಅದು ಬೀಸಿ ಮುಗಿದ ಮೇಲೆ ನಾನು ನಮ್ಮ ಡಬ್ಬಿಯನ್ನು ಹಿಂದಕ್ಕೆಳೆದುಕೊಂಡೆ, ಗಿರಣಿಯವ ಇನ್ನೊಬ್ಬರ ಜೋಳ ಸುರಿದ. ಗಿರಣಿಯ ಬಟ್ಟೆಯ ತೋಳಿನಿಂದ ಮೊದಲು ಇಳಿದದ್ದು ಕೆಂಬಣ್ಣದ ಗೋಧಿ ಹಿಟ್ಟು, ಆಮೇಲೆ ನಿಧಾನಕ್ಕೆ ಜೋಳದ ಬಿಳುಪು. ಎರಡೂ ಒಂದೇ ಡಬ್ಬಿಗೆ ಬಿದ್ದವು. ನಾನು ನೋಡುತ್ತ ನಿಂತೆ. ಎಂಥದೋ ಸಂತೋಷ ಉಕ್ಕಿತು. ನನ್ನ ರೋಗ ಪಥ್ಯಕ್ಕೆ ಬಗ್ಗದ ಜಾತಿಯೋ ಅಲ್ಲವೋ ಹೇಗೆ ತಿಳಿಯಬೇಕು? ನಾನು ಪಥ್ಯವನ್ನೇ ಮಾಡಿರಲಿಲ್ಲವಲ್ಲ! ಬೀಸದ ಜೋಳವನ್ನು ಹಾಗೇ ಹೊತ್ತುಕೊಂಡು ಮನೆಗೆ ಬಂದೆ.

ದಾರಿಯುದ್ದಕ್ಕೂ ಅವ್ವನಿಗೆ ಹೇಗೆ ಹೇಳುವುದು ಎಂಬುದೇ ಚಿಂತೆ. ಮನೆ ದೀಪವೆಂದು ಮುತ್ತಿಟ್ಟರೆ ಮೀಸೆ ಸುಡದೆ ಬಿಟ್ಟೀತೆ ಅನ್ನುತ್ತಾರೆ. ಆದರೆ ಸುಟ್ಟದ್ದನ್ನು ದೀಪಕ್ಕೆ ಹೇಳುವುದು ಹೇಗೆ? ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಅವ್ವ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಡಬ್ಬಿ ಕೆಳಗಿಟ್ಟು, ಗಿರಣಿಯಲ್ಲಿ ಕಂಡದ್ದನ್ನು ಕಂಡ ಹಾಗೇ ಹೇಳಿದೆ.

ಅವ್ವ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು ಬೀಸದ ಜೋಳವನ್ನು ಬೊಗಸೆಯಲ್ಲಿ ಎತ್ತಿ ನೋಡಿದಳು. ಆಮೇಲೆ, "ಬ್ಯಾನ್ಯಾಗ ಕೂಸಿಗೆ ಬಿರುಸು ರೊಟ್ಟಿ ಹೋಗಂಗಿಲ್ಲ, ಮೆತ್ತಗ ಇರ್ಲಿ ಅಂತ ಮಾಡಿದ್ನೆವ್ವಾ" ಅಂದಳು. ಮೊದಲು ಗೋಧಿಯ ಸರದಿಗಾಗಿ ಅಷ್ಟೇನೂ ಕಾಯುತ್ತಿರಲಿಲ್ಲವಂತೆ. ನನಗೆ ರೋಗ ಅಂತಾದ ಮೇಲೆ ತಪ್ಪದೆ ಕಾದಳಂತೆ. ಅದನ್ನು ಕೇಳಿ ನನಗೆ ಅಳು ಬಂತು. ಅತ್ತು ಮುಗಿಸಿ, "ವೈರಿ ಸಿಕ್ಕ ಬಿಡವ್ವಾ, ಇನ್ನ ನೋಡೋಣು" ಅಂದೆ.

ಮರುದಿನವೇ ಅಟ್ಟದ ಮೇಲಿನ ಬೀಸುಕಲ್ಲು ಕೆಳಗಿಳಿಯಿತು. ಮೂಲೆಯಲ್ಲಿ ಮಸಿ ಹಿಡಿದು ಕೂತಿದ್ದ ಅದನ್ನು ಅವ್ವ ಬಿಸಿನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದಳು. ಕಾಲಿನ ಬಾವು ಇಳಿಯುವ ಮೊದಲೇ ಗೂಟ ಹಿಡಿದು ಕೂತಳು, ಎದುರಿಗೆ ನಾನು. ಕೈಯಲ್ಲಿ ಬೀಸಿದ ಹಿಟ್ಟು ತರಿತರಿ. ಕುದಿನೀರು ಹಾಕಿ ಎಷ್ಟು ನಾದಿದರೂ ಬಡಿಯುವಾಗ ಅಂಚು ಸೀಳುತ್ತಿತ್ತು. ಓಣಿಯ ಹೆಂಗಸರ ಎದುರು ಎಂದೂ ತಲೆ ತಗ್ಗಿಸದ ಅವ್ವ, ರೊಟ್ಟಿ ಬಡಿಯುವಾಗ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳತೊಡಗಿದಳು.

ಮಂತ್ರ ಹಾಕಿದಂತೆ ಎಲ್ಲ ಸರಿಹೋಯಿತು ಅಂದರೆ ಸುಳ್ಳಾದೀತು. ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಭೇದಿ ಹಿಡಿತಕ್ಕೆ ಬಂದಿತ್ತು, ಹಸಿವೆ ಎಂಬುದು ಏನೆಂದು ನೆನಪಾಗಿತ್ತು. ಆದರೆ ಕರುಳು ಬಹಳ ಕೆಟ್ಟಿತ್ತು. ಡಾಕ್ಟರು ಹೇಳಿದ ಬಿರುಸು ಗುಳಿಗೆಗಳನ್ನು ಆಮೇಲೂ ಕೆಲವು ತಿಂಗಳು ನುಂಗಿದೆ. ಅವುಗಳಿಂದ ಮುಖ ಊದಿಕೊಂಡು ಚಂದ್ರನಂತಾದಾಗಲೂ ಕರಿಹಲಗೆಯ ಮುಂದೆ ನಿಂತು ಸಮೀಕರಣ ಬಿಡಿಸಿದೆ. ನೌಕರಿ ಬಿಡಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅದು ಕಾಯಂ ಕೂಡ ಆಯಿತು.

ಆ ಖುಷಿಗೆ ಅತ್ತೆಯನ್ನು ಊಟಕ್ಕೆ ಕರೆದೆವು. ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಅತ್ತೆಗೆಂದು ಅವ್ವ ಬೇರೆ ಹಿಟ್ಟು ತರಿಸಿ ಮೆತ್ತಗಿನ ರೊಟ್ಟಿ ಮಾಡುತ್ತಾಳೆಂದುಕೊಂಡಿದ್ದೆ. ಅವ್ವ ತರಿಸಲಿಲ್ಲ. ಅಂಚು ಸೀಳಿದ ರೊಟ್ಟಿಯನ್ನೇ ಬುಟ್ಟಿಯ ಮೇಲಿನಿಂದ ತೆಗೆದು ತಾಟಿಗೆ ಹಾಕಿದಳು. ಅತ್ತೆ ಅದನ್ನು ಎತ್ತಿ, ಸೀಳಿನೊಳಗಿಂದ ನನ್ನನ್ನು ನೋಡಿ, ಅವ್ವನ ಕಡೆ ತಿರುಗಿ, "ಇದೇನ ಬೇ, ನಿನ್ನ ಕೈಯಾಗಿನ ರೊಟ್ಟಿ ಹಿಂಗ್ಯಾಕಾತು?" ಅಂದರು.

ಅವ್ವ ಇನ್ನೊಂದು ರೊಟ್ಟಿ ಬಡಿಸುತ್ತ ಹೇಳಿದಳು: "ನಮ್ಮ ಮನ್ಯಾಗ ಈಗ ರೊಟ್ಟಿ ಒಡೀತಾವ್ರಿ ವೈನಿ. ಹುಡುಗಿ ಗಟ್ಟಿ ಆಗ್ಯಾಳ."

ಅಡುಗೆಮನೆಯ ಬಾಗಿಲು ಅಂದು ಪೂರ್ತಿ ತೆರೆದಿತ್ತು.