ಬೂದಿಯ ಮೇಲಿನ ಎಡಗಾಲು

ಮೊನ್ನೆ ನೀಲಗುಂದದಿಂದ ಹರಪನಹಳ್ಳಿಗೆ ಬರುವಾಗ ಬಸ್ಸು ಕೆಟ್ಟು ನಿಂತಿತು. ರಸ್ತೆ ಪಕ್ಕದ ಚಹಾದಂಗಡಿಯವರು ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡುಗಳನ್ನು ಒಲೆಗೆ ತುರುಕಿದ್ದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡತೊಡೆಯ ಹಿಂಭಾಗ ಬಿಗಿಯಿತು. ಇಪ್ಪತ್ತು ವರ್ಷವಾದರೂ ಕಾಲಿಗೆ ಮರೆವು ಬಂದಿಲ್ಲ. ಲೋಟ ಹಿಡಿದುಕೊಂಡು ನಿಂತಲ್ಲೇ ಅಕ್ಕೋರು ನೆನಪಾದರು...

ನಮ್ಮ ಕಡೆ ‘ಮೇಡಂ’ ಎನ್ನುವುದು ಈಚೆಗೆ ಬಂದದ್ದು. ಆಗೆಲ್ಲ ಪಾಠ ಹೇಳುವ ಹೆಣ್ಣುಮಕ್ಕಳೆಂದರೆ ಅಕ್ಕೋರು. ಇವರು ನಮ್ಮ ಹಳ್ಳಿಯ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದವರು. ಪಿ.ಟಿ. ಮೇಷ್ಟ್ರ ಜಾಗ ಖಾಲಿ ಬಿದ್ದಿದ್ದರಿಂದ ಆ ಹೊರೆಯನ್ನೂ ಇವರ ತಲೆಗೇ ಕಟ್ಟಿದ್ದರು. ಸ್ವತಃ ಅವರು ಹೊರಟ ಬಸ್ಸಿನ ಹಿಂದೆಯೂ ಓಡಿದವರಲ್ಲ. ಇದು ಹೋದರೆ ಇನ್ನೊಂದು ಬಂದೀತು ಎಂದು ಸೀರೆಯ ನೆರಿಗೆ ಹಿಡಿದು ನಿಂತುಬಿಡುವವರು. ಅಂಥವರು ಓಟ ಕಲಿಸುತ್ತಾರೆಂದರೆ ಊರಿಗೆ ಊರೇ ನಕ್ಕಿತು.

ಅವರು ಓಟವನ್ನು ನೆಲದಲ್ಲಿ ಹುಡುಕಿದರು. ಶಾಲೆಯ ಹಿಂದೆ ಮೂರು ಮಾರು ಉದ್ದ ಮಣ್ಣು ಸಡಿಲಿಸಿ, ದಿಂಡಿನ ಬೂದಿಯನ್ನು ಸಾಣಿಗೆಯಲ್ಲಿ ಸೋಸಿ ಎರಡು ಬೆರಳು ದಪ್ಪ ಹರಡುತ್ತಿದ್ದರು. ನಾವು ದೂರದಿಂದ ಓಡಿಬಂದು ಅದರ ಮೇಲೆ ಹಾಯಬೇಕು. ಆಮೇಲೆ ಅವರು ಕುಕ್ಕರಗಾಲಲ್ಲಿ ಕೂತು, ಕೆನ್ನೆ ನೆಲಕ್ಕೆ ತಾಗುವಷ್ಟು ಬಾಗಿ, ಒಂದೊಂದೇ ಹೆಜ್ಜೆಯನ್ನು ಓದುತ್ತಿದ್ದರು. ಆಳ ಅಳೆಯಲು ಕಸಬರಿಗೆಯ ಕಡ್ಡಿ. ಕೆಲಸ ಮುಗಿದ ಮೇಲೆ ಗಾಳಿಗೆ ಹಾರದಂತೆ ತಾಡಪತ್ರಿ ಹೊದಿಸಿ, ಅದರ ಅಂಚಿಗೆ ಕಲ್ಲು ಹೇರುತ್ತಿದ್ದರು.

ಕಾಲನ್ನು ಗಾಳಿಯಲ್ಲಿ ಎಷ್ಟು ಬೇಗ ಆಡಿಸಿದರೂ ಬಂದ ಭಾಗ್ಯ ಅಷ್ಟರಲ್ಲೇ ಇದೆ, ಪಾದ ನೆಲ ಮುಟ್ಟಿದ ಆ ಚಿಟಿಕೆ ಹೊತ್ತಿನಲ್ಲಿ ನೆಲವನ್ನು ಎಷ್ಟು ಜೋರಾಗಿ ಒದೆಯುತ್ತೀರಿ ನೋಡಿ, ಎನ್ನುತ್ತಿದ್ದರು. ನೀವು ಒದ್ದಷ್ಟೇ ನೆಲ ನಿಮ್ಮನ್ನು ತಿರುಗಿ ಒದೆಯುತ್ತದೆ, ಗುಲಗಂಜಿಯಷ್ಟೂ ಹೆಚ್ಚು ಕೊಡುವುದಿಲ್ಲ. ತೊಡೆಯ ಹಿಂದಿನ ಸ್ನಾಯುವಿನ ಮೇಲೆ ಅವರಿಗೆ ವಿಶೇಷ ಕಕ್ಕುಲಾತಿ. ಮುಂದಕ್ಕೆ ಚಾಚಿದ ಕಾಲನ್ನು ತಡೆದು ನೆಲಕ್ಕೆ ಎಳೆದು ತರುವುದು ಅದೇ. ಇಳಿಜಾರಿನಲ್ಲಿ ಹೇರಿದ ಬಂಡಿಯನ್ನು ತಡೆದು ಹಿಡಿಯುವ ಎತ್ತಿನ ಹಾಗೆ ಅದು ಹಿಗ್ಗುತ್ತಲೇ ಬಿಗಿಯಬೇಕು, ಹರಿಯುವುದೂ ಆಗಲೇ. ಅದಕ್ಕೇ ಅವರದೊಂದು ಕಟ್ಟುನಿಟ್ಟಿತ್ತು. ಒಂದು ಕಾಲಿನ ಗುರುತು ಇನ್ನೊಂದಕ್ಕಿಂತ ತೇಲಿ ಕಂಡರೆ ಆ ಹುಡುಗಿ ಹದಿನೈದು ದಿನ ಓಡುವಂತಿಲ್ಲ.

ನಾನು ಹತ್ತನೇ ತರಗತಿಯಲ್ಲಿದ್ದೆ. ಹರಪನಹಳ್ಳಿಯಲ್ಲಿ ನೂರು ಮೀಟರ್ ಓಟ, ಗೆದ್ದರೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಸೀಟು. ಆ ಸೀಟು ಬಿಟ್ಟು ನನಗೆ ಜಗತ್ತಿನಲ್ಲಿ ಇನ್ನೇನೂ ಬೇಕಿರಲಿಲ್ಲ. ಓಟಕ್ಕೆ ನಾಲ್ಕು ದಿನ ಇರುವಾಗ ಎಡತೊಡೆಯ ಹಿಂದೆ ಚುಳುಕ್ಕೆಂದಿತು. ಮನೆಯಲ್ಲೂ ಹೇಳಲಿಲ್ಲ, ಅಕ್ಕೋರಿಗೂ ಹೇಳಲಿಲ್ಲ.

ಓಟದ ಹಿಂದಿನ ಸಂಜೆ ಹೆಡ್‌ಮಾಸ್ತರರು ಯಾವುದೋ ಅರ್ಜಿ ತುಂಬಲು ಅಕ್ಕೋರನ್ನು ಕರೆದರು. ನೀನು ಒಮ್ಮೆ ಓಡಿರು, ಬಂದು ನೋಡುತ್ತೇನೆ ಎಂದು ಹೇಳಿ ಹೋದರು. ಓಡಿದೆ. ಬೂದಿಯ ಮೇಲೆ ಎರಡೇ ಹೆಜ್ಜೆ ನಿಚ್ಚಳವಾಗಿ ಮೂಡಿದ್ದವು. ಬಲಗಾಲು ಒಳಗೆ ಹೂತಿತ್ತು, ಎಡಗಾಲು ಮೇಲೆ ಸವರಿಕೊಂಡು ಹೋದಂತಿತ್ತು. ಅತ್ತಿತ್ತ ನೋಡಿದೆ. ಪಕ್ಕದಿಂದ ಹುಷಾರಾಗಿ ಬಂದು ಎಡಪಾದವನ್ನು ಅದೇ ಗುರುತಿನಲ್ಲಿಟ್ಟು, ಮೊಣಕಾಲ ಮೇಲೆ ಎರಡೂ ಕೈ ಊರಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿದೆ.

ಅಕ್ಕೋರು ಬಂದಾಗ ಹೊತ್ತು ಮುಳುಗುತ್ತಿತ್ತು. ಅವಸರದಲ್ಲಿ ಕಡ್ಡಿ ಇಳಿಸಿ ನೋಡಿದರು. ಎರಡೂ ಸಮ.

“ಕಾಲು ಚಲೋ ಅದಾವಲ್ಲವ್ವ?” ಎಂದರು.

“ಚಲೋ ಅದಾವ್ರಿ ಅಕ್ಕೋರೆ,” ಎಂದೆ.

ಮರುದಿನ ಅರ್ಧಕ್ಕಿಂತ ಮುಂದೆ ಹೋಗುವವರೆಗೂ ನಾನೇ ಮೊದಲಿದ್ದೆ. ಆಮೇಲೆ ತೊಡೆಯ ಹಿಂದೆ ಪಟ್ಟೆಂದಿತು. ಯಾರೋ ಕಲ್ಲು ಹೊಡೆದರೆಂದೇ ತಿರುಗಿ ನೋಡಿದ್ದೆ, ಅಷ್ಟು ನೆನಪಿದೆ. ಹಿಂದೆ ಕಲ್ಲು ಹೊಡೆದವರು ಯಾರೂ ಇರಲಿಲ್ಲ...

ಆಸ್ಪತ್ರೆಯ ಪಡಸಾಲೆಯಲ್ಲಿ ಅಪ್ಪ ಎಲ್ಲರೆದುರು ಅಕ್ಕೋರ ಮೇಲೆ ಹರಿಹಾಯ್ದ. “ನನ್ನ ಮಗಳೇನು ನಿಮ್ಮ ಪ್ರಯೋಗದ ಕಪ್ಪೆ ಏನ್ರಿ?” ಎಂದ. ಅಕ್ಕೋರು ಸೆರಗು ಹೊದ್ದು ನಿಂತಿದ್ದರು.

“ತಪ್ಪು ನಂದೇ ಐತ್ರಿ. ನಾ ಸರಿಯಾಗಿ ನೋಡ್ಲಿಲ್ಲ.”

ನಾನು ಎಚ್ಚರವಿದ್ದೆ. ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರಂತೆ ಬಿದ್ದುಕೊಂಡೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ಹೇಡಿತನದ ನಿದ್ದೆ ಮಾಡಿಲ್ಲ.

ಎರಡು ದಿನದ ಮೇಲೆ ಜೊತೆಯಲ್ಲಿ ಓದುವ ಗೆಳತಿ ಮನೆಗೆ ಬಂದು ಶಾಲೆಯ ಸುದ್ದಿ ಹೇಳಿದಳು. ಬೂದಿಯಾಟ ಏನೆಂದು ನೋಡಲು ಶಾಲೆಯ ಕಮಿಟಿಯವರು ಬರುವುದಿತ್ತಂತೆ. ಅವರು ಬರುವ ಮೊದಲೇ ಅಕ್ಕೋರು ತಾಡಪತ್ರಿ ಸರಿಸಿ, ಬೆಳ್ಳನೆ ಬಿಸಿಲಲ್ಲಿ ಬಹಳ ಹೊತ್ತು ಬಾಗಿ ಕೂತಿದ್ದರಂತೆ. ಆಮೇಲೆ ಒಂದು ಹೆಜ್ಜೆಯನ್ನು ಮಾತ್ರ ಅಂಗೈಯಿಂದ ಒರೆಸಿಬಿಟ್ಟರಂತೆ. ಕೇಳಿ ನನಗೆ ನಿರಾಳವಾಯಿತು. ತಮ್ಮ ತಪ್ಪು ಮುಚ್ಚಿಕೊಂಡರು, ಅವರೂ ನನ್ನಂಥವರೇ ಅಂದುಕೊಂಡೆ. ಹಾಗೆ ಅಂದುಕೊಂಡರೆ ಕಾಲು ಸ್ವಲ್ಪ ಕಡಿಮೆ ನೋಯುತ್ತಿತ್ತು.

ಆಟದ ಹೊಣೆ ಅವರ ಕೈಯಿಂದ ಹೋಯಿತು. ‘ಬೂದಿ ಅಕ್ಕೋರು’ ಎಂದು ತಮಾಷೆಗೆ ಕರೆಯುತ್ತಿದ್ದವರು ಈಗ ಚುಚ್ಚಲು ಕರೆದರು. ವರ್ಷ ಮುಗಿಯುತ್ತಲೇ ಕೂಡ್ಲಿಗಿ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು. ಹೋಗುವ ಮುನ್ನ ನಮ್ಮ ಮನೆಗೆ ಬಂದಿದ್ದರು, ನಾನು ಹಿತ್ತಲಿಗೆ ಹೋಗಿ ಕೂತೆ... ಹೋದ ವರ್ಷ ತೀರಿಕೊಂಡರೆಂದು ಸುದ್ದಿ ಬಂತು. ಪರೀಕ್ಷೆಯ ಡ್ಯೂಟಿ ಎಂಬ ನೆಪ ಸಿಕ್ಕಿತು, ಮಣ್ಣಿಗೂ ಹೋಗಲಿಲ್ಲ.

ಈಗ ನಾನು ಹಿರೇಹಡಗಲಿ ಕಡೆಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರು. ಇಷ್ಟು ವರ್ಷ ಬೂದಿಯ ತಂಟೆಗೆ ಹೋಗಿರಲಿಲ್ಲ. ಮೊನ್ನೆ ಅದೇನು ಅನ್ನಿಸಿತೋ, ಚಹಾದಂಗಡಿಯವರಿಂದ ಒಂದು ಚೀಲ ಬೂದಿ ಕೇಳಿ ತಂದೆ. ನಿನ್ನೆ ಹುಡುಗಿಯರನ್ನು ಅದರ ಮೇಲೆ ಓಡಿಸಿ, ಅಕ್ಕೋರ ಹಾಗೇ ಕೆನ್ನೆ ನೆಲಕ್ಕೆ ತಂದು ನೋಡಿದೆ. ಪ್ರತಿ ಹೆಜ್ಜೆಯಲ್ಲೂ ಬೆರಳುಗಳು ಬೂದಿಯನ್ನು ಹಿಂದಕ್ಕೆ ದೂಡಿ ಪುಟ್ಟ ದಿಬ್ಬ ಮಾಡಿದ್ದವು. ಎದ್ದು, ಚಪ್ಪಲಿ ಬಿಟ್ಟು, ಪಕ್ಕದಲ್ಲಿ ಎಡಪಾದ ಇಟ್ಟು ಅಂದಿನಂತೆಯೇ ಒತ್ತಿದೆ. ಆಳವೇನೋ ಬಂತು, ದಿಬ್ಬ ಬರಲಿಲ್ಲ. ಅಂಚು ಅಚ್ಚು ಹಾಕಿದಂತೆ ನೆಟ್ಟಗಿತ್ತು. ನಿಂತು ಒತ್ತಿದ ಕಾಲು ನೆಲವನ್ನು ಹಿಂದಕ್ಕೆ ಒದೆಯುವುದಿಲ್ಲವಲ್ಲ.

ಅಂದು ಮುಸ್ಸಂಜೆಯಲ್ಲಿ ಅಕ್ಕೋರಿಗೆ ಕಾಣದ್ದು ಕಮಿಟಿ ಬರುವ ದಿನದ ಆ ಬಿಸಿಲಲ್ಲಿ ಕಂಡಿತ್ತು. ಕಮಿಟಿಯವರಿಗೆ ತೋರಿಸಿ ಎರಡು ಮಾತು ಹೇಳಿದ್ದರೆ ಅವರ ಹೆಸರು ಉಳಿಯುತ್ತಿತ್ತು. ಅವರು ಒರೆಸಿದ್ದು ನನ್ನ ಸುಳ್ಳನ್ನು.

ಹುಡುಗಿಯೊಬ್ಬಳು ಹತ್ತಿರ ಬಂದು, “ಟೀಚರ್, ಇದ್ಯಾರ ಹೆಜ್ಜಿರಿ, ಬ್ಯಾರೆ ಥರ ಐತಿ?” ಎಂದಳು.

ಕೈ ತಾನಾಗಿ ಅದನ್ನು ಒರೆಸಲು ಹೋಯಿತು. ಹಿಂದಕ್ಕೆ ತೆಗೆದುಕೊಂಡೆ.

“ನಂದವ್ವ. ಸುಳ್ಳು ಹೆಜ್ಜಿ. ಎಲ್ಲಾರೂ ಕುಂದರ್ರಿ, ಹೇಳ್ತೀನಿ.”

ಬೂದಿಯ ಸುತ್ತ ಅವರೆಲ್ಲ ಕೂತರು. ಆಸ್ಪತ್ರೆಯ ಪಡಸಾಲೆಯಲ್ಲಿ ಹೇಳಬೇಕಿದ್ದುದನ್ನು ಒಂದೂ ಬಿಡದೆ ಹೇಳಿದೆ. ಕೇಳಬೇಕಾಗಿದ್ದ ಒಬ್ಬರು ಮಾತ್ರ ಅಲ್ಲಿರಲಿಲ್ಲ.